ಎದುರಾಳಿಯ ಪಣವನ್ನು ಓದಬಹುದೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಮಳೆಯನ್ನೇ ನೆಚ್ಚಿದ ಒಣಭೂಮಿಯ ಸೀಮೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಇವೆಲ್ಲವೂ ಅದಕ್ಕೆ ಸೇರಿದವು. ಇಲ್ಲಿಯ ಬೇಸಾಯವೇ ಒಂದು ವಿಧದಲ್ಲಿ ಪಣವೆಂದು ಹೇಳಬಹುದು. ಬೀಜವನ್ನು ಮಣ್ಣಿಗೆ ಹಾಕಿ, ಮುಗಿಲನ್ನು ನೋಡುತ್ತ ಕುಳಿತುಕೊಳ್ಳಬೇಕು. ಶೇಂಗಾ ಕಿತ್ತು ಮಾರಿದ ಹಣ ಕೈಸೇರುವ ಹೊತ್ತಿಗೆ ದೀಪಾವಳಿ ಬರುವುದು. ಅಮಾವಾಸ್ಯೆಯಿಂದ ಪಾಡ್ಯದವರೆಗಿನ ಇರುಳುಗಳಲ್ಲಿ ಎಷ್ಟೋ ಊರುಗಳ ಜಗುಲಿಯ ಮೇಲೆ ಕಂಬಳಿ ಹಾಸಿ, ನಾಲ್ಕಾರು ಮಂದಿ ಇಸ್ಪೀಟೆಲೆ ಹಿಡಿದು ಕುಳಿತಿರುವುದನ್ನು ಕಾಣಬಹುದು.

ನಮ್ಮ ತರಗತಿಯಲ್ಲಿ ಓದುತ್ತಿದ್ದ ಈ ಸೀಮೆಯ ಹುಡುಗನೊಬ್ಬನು ಹಬ್ಬದ ರಜೆ ಮುಗಿದು ಎರಡು ವಾರವಾದರೂ ಶುಲ್ಕ ಕಟ್ಟಿರಲಿಲ್ಲ. ಕರೆದು ವಿಚಾರಿಸಿದಾಗ ಮೊದಲು ಸುಮ್ಮನಿದ್ದು, ಆಮೇಲೆ ಹೀಗೆಂದನು: “ಸಾರ್, ಅಪ್ಪ ಮೂರೆಲೆ ಆಟದಾಗ ಕಳಕೊಂಡಾರ. ಎದುರಿಗೆ ಕೂತಿದ್ದು ನಮ್ಮ ಪಕ್ಕದ ಮನೆಯವರೇ. ಅವರು ಸುಳ್ಳು ಪಣ ಕಟ್ಟುವಾಗ ಕಿವಿ ಮುಟ್ಟಿಕೊಳ್ತಾರಂತ ಅಪ್ಪ. ಇಪ್ಪತ್ತು ವರ್ಷದಿಂದ ನೋಡೇನಿ, ನನಗ ಗೊತ್ತದ ಅಂತಾರ. ಹಂಗ ಇನ್ನೊಬ್ಬರ ಮನಸ್ಸು ಓದಾಕ ಲೆಕ್ಕ ಅಂತ ಏನಾರ ಐತೇನು ಸಾರ್?”

ಪ್ರಶ್ನೆ ಉಚಿತವಾದುದು, ಲೆಕ್ಕವೂ ಉಂಟು. ಆ ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡಿದರೆ ಅದು ಯಾರ ಪಕ್ಷವನ್ನು ವಹಿಸುವುದೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಉದಾಹರಣೆಗಳಲ್ಲೆಲ್ಲ ಹಣಕ್ಕೆ ಬದಲು ಹುಣಸೆಬೀಜವನ್ನೇ ಪಣವಾಗಿ ಇಟ್ಟುಕೊಳ್ಳೋಣ.

ಓದಲು ಏನಿದೆ?

ಎಲ್ಲ ಆಟಗಳಲ್ಲಿಯೂ ಎದುರಾಳಿಯನ್ನು ಓದಲಾಗದು. ಅಂದರ್–ಬಾಹರ್ ಆಟವನ್ನೇ ತೆಗೆದುಕೊಳ್ಳಿ. ಒಂದು ಎಲೆಯನ್ನು ತೆರೆದಿಟ್ಟು, ಉಳಿದ ಎಲೆಗಳನ್ನು ಒಳಗೊಂದು ಹೊರಗೊಂದು ಎಂದು ಹಾಕುತ್ತ ಹೋಗುವರು. ಅದೇ ಅಂಕದ ಎಲೆ ಮೊದಲು ಯಾವ ಕಡೆ ಬೀಳುವುದೋ ಆ ಕಡೆ ಗೆದ್ದಂತೆ. ಮೊದಲ ಎಲೆ ಬೀಳುವ ಕಡೆಗೆ 100ಕ್ಕೆ ಸುಮಾರು 51.5 ಸಲ ಗೆಲುವು, ಇನ್ನೊಂದು ಕಡೆಗೆ 48.5. ಎಲೆ ಬೀಳತೊಡಗಿದ ಮೇಲೆ ಈ ಆಟದಲ್ಲಿ ಯಾರೂ ಏನನ್ನೂ ನಿರ್ಧರಿಸುವುದಿಲ್ಲ. ನಿರ್ಧಾರವಿಲ್ಲದ ಕಡೆ ಮನಸ್ಸಿನ ಗುರುತೂ ಬೀಳದು. ಹಿಂದಿನ ಹತ್ತು ಆಟಗಳ ಫಲವನ್ನು ಬರೆದಿಟ್ಟುಕೊಂಡು ಹನ್ನೊಂದನೆಯದನ್ನು ಹೇಳುವೆನೆನ್ನುವವನು ಬರಿಯ ಕಾಗದವನ್ನು ಓದುತ್ತಿರುವನು.

ಮೂರೆಲೆ ಆಟ ಹಾಗಲ್ಲ. ಎಲೆ ಬರುವುದು ದೈವವಶದಿಂದಲೇ ಆದರೂ, ಅದನ್ನು ನೋಡಿದ ಮೇಲೆ ಪಣವನ್ನು ಏರಿಸುವುದೋ ಎಲೆಯನ್ನು ಕೆಳಗಿಡುವುದೋ ಆಟಗಾರನ ಇಚ್ಛೆ. ಪಾಶ್ಚಾತ್ಯರ ಪೋಕರ್ ಆಟವೂ ಈ ಬಗೆಯದೇ. ಕೈಯಲ್ಲಿ ಏನೂ ಇಲ್ಲದಿದ್ದರೂ ದೊಡ್ಡ ಪಣ ಕಟ್ಟಿ ಎದುರಾಳಿಯನ್ನು ಬೆದರಿಸಬಹುದು. ಇದನ್ನು ಹುಸಿ ಪಣವೆಂದು ಕರೆಯೋಣ. ಎದುರಾಳಿಯನ್ನು ಓದುವುದೆಂದರೆ, ಅವನ ಪಣಗಳಲ್ಲಿ ಹುಸಿ ಎಷ್ಟು, ದಿಟ ಎಷ್ಟು ಎಂಬುದನ್ನು ಅಳೆಯುವುದು. ಅಳತೆಯ ಪ್ರಶ್ನೆಯಾದುದರಿಂದಲೇ ಇದು ವಿಜ್ಞಾನದ ಅಂಗಳಕ್ಕೆ ಬರುವುದು.

ಕೈಯ ಬೆಲೆ

ಮೊದಲು ಎಲೆಗಳ ಲೆಕ್ಕ. 52 ಎಲೆಗಳಿಂದ ಮೂರನ್ನು ಆರಿಸಲು 22,100 ವಿಧಗಳಿವೆ. ಮೂರೂ ಒಂದೇ ಅಂಕವಾಗಿ ಬರುವ ಕೈಗಳು ಇವುಗಳಲ್ಲಿ 52 ಮಾತ್ರ. ಒಂದೇ ಜಾತಿಯ ಅನುಕ್ರಮದ ಎಲೆಗಳು 48, ಬೇರೆ ಬೇರೆ ಜಾತಿಯ ಅನುಕ್ರಮ 720, ಅನುಕ್ರಮವಿಲ್ಲದೆ ಒಂದೇ ಜಾತಿ 1,096, ಜೋಡಿ 3,744. ಉಳಿದ 16,440 ಕೈಗಳಲ್ಲಿ ಇದಾವುದೂ ಇಲ್ಲ. ದೊಡ್ಡ ಎಲೆಯೊಂದೇ ಗತಿ.

ಜೋಡಿ ಅಥವಾ ಅದಕ್ಕಿಂತ ಮೇಲಾದುದನ್ನು ಒಳ್ಳೆಯ ಕೈ ಎಂದರೆ, ಅಂಥವು 5,660. ಎಂದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಮಿಕ್ಕ ಮುಕ್ಕಾಲು ಪಾಲು ಬಡ ಕೈಗಳು. ಲೆಕ್ಕದ ಸುಲಭಕ್ಕಾಗಿ 400 ಆಟಗಳಲ್ಲಿ 100 ಒಳ್ಳೆಯವು, 300 ಬಡವು ಎಂದಿಟ್ಟುಕೊಳ್ಳೋಣ. ಈ ಒಂದು–ಮೂರು ಎಂಬ ಪ್ರಮಾಣವನ್ನು ವಾಚಕರು ಮರೆಯಬಾರದು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಒಂದೇ ಮೋಡ, ಎರಡು ಅರ್ಥ

ಆಗುಂಬೆಯ ಮೇಲೆ ಆಷಾಢದಲ್ಲಿ ಮುಗಿಲು ಕಪ್ಪಾದರೆ ಯಾರೂ ಕೊಡೆಯಿಲ್ಲದೆ ಹೊರಡರು. ಅಷ್ಟೇ ಕಪ್ಪಾದ ಮುಗಿಲು ಕೂಡ್ಲಿಗಿಯ ಮೇಲೆ ಕವಿದರೆ ರೈತನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ತೊಡಗುವನು. ಮೋಡದ ಬಣ್ಣ ಒಂದೇ; ಅರ್ಥ ಬೇರೆ. ಗುರುತು ಕಾಣುವ ಮುಂಚೆಯೇ ಮಳೆಯ ಸಂಭವ ಆ ಊರಿನಲ್ಲಿ ಎಷ್ಟಿತ್ತೆಂಬುದನ್ನೂ ಸೇರಿಸಿಕೊಂಡು ಗುರುತನ್ನು ತೂಗಬೇಕು. ಇಂಗ್ಲೆಂಡಿನ ಥಾಮಸ್ ಬೇಯ್ಸ್ ಎಂಬ ಪಾದ್ರಿಯು ಈ ತತ್ತ್ವಕ್ಕೆ ಗಣಿತದ ರೂಪ ಕೊಟ್ಟನು. ಅವನು 1761ರಲ್ಲಿ ತೀರಿಕೊಂಡ ಮೇಲೆ ಗೆಳೆಯ ರಿಚರ್ಡ್ ಪ್ರೈಸ್ ಆ ಬರಹವನ್ನು 1763ರಲ್ಲಿ ಬೆಳಕಿಗೆ ತಂದನು.

ಈ ತತ್ತ್ವವನ್ನು ಪಣಕ್ಕೆ ಅನ್ವಯಿಸೋಣ. ರಾಮ, ಭೀಮ ಎಂಬ ಇಬ್ಬರು ಆಟಗಾರರಿರುವರೆಂದು ಭಾವಿಸಿ. ಒಳ್ಳೆಯ ಕೈ ಬಂದರೆ ಇಬ್ಬರೂ ಹತ್ತರಲ್ಲಿ ಎಂಟು ಸಲ ಪಣ ಏರಿಸುವರು. ಬಡ ಕೈ ಬಂದಾಗ ರಾಮನು ಹತ್ತರಲ್ಲಿ ಒಂದು ಸಲ ಮಾತ್ರ ಹುಸಿ ಪಣ ಕಟ್ಟುವನು. ಭೀಮನು ಗಂಡೆದೆಯವನು, ಹತ್ತರಲ್ಲಿ ನಾಲ್ಕು ಸಲ ಕಟ್ಟುವನು.

ರಾಮನ 400 ಆಟಗಳಲ್ಲಿ 100 ಒಳ್ಳೆಯ ಕೈಗಳಿಂದ 80 ಏರಿಕೆ; 300 ಬಡ ಕೈಗಳಿಂದ 30 ಏರಿಕೆ. ಒಟ್ಟು 110ರಲ್ಲಿ 30 ಹುಸಿ, ಎಂದರೆ 100ಕ್ಕೆ 27. ಭೀಮನಿಗೆ ಒಳ್ಳೆಯ ಕೈಯಿಂದ 80, ಬಡ ಕೈಯಿಂದ 120. ಒಟ್ಟು 200ರಲ್ಲಿ 120 ಹುಸಿ, ಎಂದರೆ 100ಕ್ಕೆ 60.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಕಂಬಳಿಯ ಮೇಲೆ ಬಿದ್ದ ಪಣ ಒಂದೇ ಆದರೂ ಕಟ್ಟಿದವನು ಯಾರೆಂಬುದರಿಂದ ಅದರ ಅರ್ಥ ಬದಲಾಗುವುದು. ಎರಡು, ಹತ್ತಕ್ಕೊಂದು ಸಲ ಮಾತ್ರ ಸುಳ್ಳಾಡುವ ರಾಮನ ಪಣಗಳಲ್ಲಿಯೂ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಹುಸಿಯಾಗಿವೆ. ಬಡ ಕೈಗಳೇ ಮೂರು ಪಾಲು ಇರುವುದರಿಂದ ಅವುಗಳ ಸಣ್ಣ ಭಾಗವೂ ದೊಡ್ಡ ರಾಶಿಯಾಗುವುದು. ಇದನ್ನು ಮರೆತವನು “ಇವನು ಸಾಧು ಮನುಷ್ಯ, ಕಟ್ಟಿದರೆ ದಿಟವೇ” ಎಂದು ಪ್ರತಿಸಲವೂ ಎಲೆಯನ್ನು ಕೆಳಗಿಡುವನು.

ತೋರಿಸೆನ್ನಲೇ, ಬಿಡಲೇ?

ನಮ್ಮ ಕೈಯಲ್ಲಿ ಬೇರೆ ಬೇರೆ ಜಾತಿಯ ಎಕ್ಕ, ರಾಜ, ಗುಲಾಮ ಇವೆಯೆನ್ನಿ. ಎಕ್ಕ–ರಾಜ–ರಾಣಿ ಬಂದಿದ್ದರೆ ಅದು ಅನುಕ್ರಮವಾಗುತ್ತಿತ್ತು. ಆದುದರಿಂದ ಇದೇ ಬಡ ಕೈಗಳಲ್ಲೆಲ್ಲ ದೊಡ್ಡದು. ಎದುರಾಳಿಯ ಪಣ ಹುಸಿಯಾದರೆ ಇದು ಗೆಲ್ಲುವುದು, ದಿಟವಾದರೆ ಸೋಲುವುದು. ನಡುವೆ 100 ಬೀಜಗಳಿವೆ. ಎದುರಾಳಿ 50 ಏರಿಸಿದ್ದಾನೆ. ನಾವೂ 50 ಹಾಕಿ “ತೋರಿಸು” ಎಂದರೆ ಗೆದ್ದಾಗ 150 ಲಾಭ, ಸೋತಾಗ 50 ನಷ್ಟ. ನಮ್ಮ ಮೂರೆಲೆಗಳು ಕಟ್ಟಿನಿಂದ ಹೊರಬಂದುದರಿಂದ ಪ್ರಮಾಣ ಕೊಂಚ ಬದಲಾಗುವುದು. ಆ ಸೂಕ್ಷ್ಮವನ್ನು ಸದ್ಯಕ್ಕೆ ಬಿಡೋಣ.

ಭೀಮನ 200 ಏರಿಕೆಗಳಿಗೂ ತೋರಿಸೆಂದರೆ 120 ಸಲ 150ರಂತೆ 18,000 ಬರುವುದು, 80 ಸಲ 50ರಂತೆ 4,000 ಹೋಗುವುದು. ಸರಾಸರಿ ಒಂದು ಸಲಕ್ಕೆ 70 ಬೀಜ ಲಾಭ. ರಾಮನ 110 ಏರಿಕೆಗಳಲ್ಲಿ 4,500 ಬಂದು 4,000 ಹೋಗುವುದು. ಸಲಕ್ಕೆ ನಾಲ್ಕೂವರೆ ಬೀಜ ಮಾತ್ರ. ಎಂದೂ ಹುಸಿ ಕಟ್ಟದ ಸೋಮನೆಂಬವನಿದ್ದರೆ ಪ್ರತಿಸಲವೂ 50 ನಷ್ಟ.

ಲಾಭನಷ್ಟಗಳ ಗಡಿ ಇರುವುದು ನಾಲ್ಕರಲ್ಲಿ ಒಂದು ಎಂಬಲ್ಲಿ. ಹುಸಿಯ ಪಾಲು ಅದಕ್ಕಿಂತ ಹೆಚ್ಚಿದ್ದರೆ ತೋರಿಸೆನ್ನಬೇಕು, ಕಡಿಮೆಯಿದ್ದರೆ ಬಿಡಬೇಕು. ಹೀಗೆ ಎದುರಾಳಿಯ ಸ್ವಭಾವದ ಒಂದೇ ಒಂದು ಸಂಖ್ಯೆ ನಮ್ಮ ನಡೆಯನ್ನು ತೀರ್ಮಾನಿಸುವುದು. ಹುಡುಗನ ತಂದೆ ಹೇಳಿದುದರಲ್ಲಿ ಇಷ್ಟು ಮಟ್ಟಿಗೆ ಸತ್ಯವಿದೆ. ಆದರೆ ಆ ಸಂಖ್ಯೆಯನ್ನು ತಿಳಿಯುವ ಬಗೆ ಹೇಗೆ?

ಕಾಣದ ಎಲೆಗಳು

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕದ ಅವಧಿಯನ್ನು ಒಂದೇ ತೂಗಾಟದಿಂದ ನಿರ್ಣಯಿಸುವ ವಿದ್ಯಾರ್ಥಿಯನ್ನು ನಾವು ಹಿಂದಕ್ಕೆ ಕಳುಹಿಸುವೆವು. ಇಪ್ಪತ್ತು ತೂಗಾಟಗಳನ್ನು ಎಣಿಸಿ ಬಾ ಎನ್ನುವೆವು. ಜಗುಲಿಯ ಮೇಲಿನ ಅಳತೆಗಾರನಿಗೆ ಇದಕ್ಕಿಂತ ಹೆಚ್ಚಿನ ತೊಡಕುಗಳಿವೆ.

ಮೊದಲನೆಯದು, ಎಣಿಕೆ ಸಾಲದು. ಎದುರಾಳಿಯ ಪಣಗಳಲ್ಲಿ ನಿಜವಾಗಿ ನಾಲ್ಕಕ್ಕೊಂದು ಹುಸಿಯೆನ್ನಿ. ಐದು ಸಲ ಅವನ ಎಲೆ ನೋಡಿದಾಗ ಐದೂ ದಿಟವಾಗಿರುವ ಸಂಭಾವ್ಯತೆ ಮುಕ್ಕಾಲನ್ನು ಐದು ಸಲ ಗುಣಿಸಿದಷ್ಟು. 100ಕ್ಕೆ ಸುಮಾರು 24. ಎಂದರೆ ಐದು ಸಲ ನೋಡಿ “ಇವನು ಹುಸಿ ಕಟ್ಟುವವನಲ್ಲ” ಎಂದು ತೀರ್ಪು ಕೊಡುವ ನಾಲ್ವರಲ್ಲಿ ಒಬ್ಬನು ಬರಿಯ ಆಕಸ್ಮಿಕದಿಂದಲೇ ಮೋಸಹೋಗುವನು. ಹುಸಿಯ ಪಾಲನ್ನು 100ಕ್ಕೆ 10ರ ಆಚೀಚೆಗೆ, 100ರಲ್ಲಿ 95 ಸಲ ತಪ್ಪದಂತೆ ಹೇಳಬೇಕಾದರೆ ಸುಮಾರು 72 ಸಲ ಅವನ ಎಲೆಯನ್ನು ಕಾಣಬೇಕು. 5ರ ಆಚೀಚೆಗೆ ಹೇಳಬೇಕಾದರೆ ಸುಮಾರು 290 ಸಲ. ನಿಷ್ಕರ್ಷೆಯನ್ನು ಇಮ್ಮಡಿಸಲು ದುಡಿಮೆಯನ್ನು ನಾಲ್ಕು ಮಡಿ ಮಾಡಬೇಕೆಂಬುದು ಎಣಿಕೆಯ ಶಾಸ್ತ್ರದ ಕಠಿಣ ನಿಯಮ.

ಎರಡನೆಯದು, ಎಲ್ಲ ಎಲೆಗಳೂ ಕಣ್ಣಿಗೆ ಬೀಳವು. ಎಲ್ಲರೂ ಹೆದರಿ ಬಿಟ್ಟರೆ, ಹುಸಿ ಕಟ್ಟಿದವನು ಎಲೆ ಮುಚ್ಚಿಯೇ ಹಣವನ್ನು ಎಳೆದುಕೊಳ್ಳುವನು. ಅವನ ಅತ್ಯುತ್ತಮ ಸುಳ್ಳುಗಳೇ ನಮ್ಮ ಲೆಕ್ಕಕ್ಕೆ ಬಾರದೆ ಹೋಗುವುವು. ಕೊಳದ ಅಂಚಿನ ಮೀನುಗಳನ್ನಷ್ಟೇ ಹಿಡಿದು ಕೊಳದಲ್ಲಿರುವುದೆಲ್ಲ ಇಂಥವೇ ಎಂದು ಹೇಳಿದಂತೆ ಇದು.

ಮೂರನೆಯದು, ನೆನಪಿನ ಪಕ್ಷಪಾತ. ಕಿವಿ ಮುಟ್ಟಿಕೊಂಡಾಗ ಹುಸಿ ಸಿಕ್ಕಿಬಿದ್ದ ಇರುಳು ಇಪ್ಪತ್ತು ವರ್ಷ ನೆನಪಿರುವುದು. ಕಿವಿ ಮುಟ್ಟಿಕೊಂಡರೂ ಎಲೆ ದಿಟವಾಗಿದ್ದ ಇರುಳನ್ನು, ಕಿವಿ ಮುಟ್ಟದೆಯೇ ಹುಸಿ ಕಟ್ಟಿದ ಇರುಳನ್ನು ಯಾರು ನೆನಪಿಡುವರು? ಇಂಥ ಗುರುತನ್ನು ಪರೀಕ್ಷಿಸಲು ಒಂದಲ್ಲ, ನಾಲ್ಕು ಮನೆಗಳ ಕೋಷ್ಟಕ ಬೇಕು: ಮುಟ್ಟಿದ್ದು–ಹುಸಿ, ಮುಟ್ಟಿದ್ದು–ದಿಟ, ಮುಟ್ಟದ್ದು–ಹುಸಿ, ಮುಟ್ಟದ್ದು–ದಿಟ. ಮಾದರಿಗೆ, ಈ ನಾಲ್ಕು ಮನೆಗಳಲ್ಲಿ ಕ್ರಮವಾಗಿ 4, 7, 3, 5 ಎಂಬ ಎಣಿಕೆಗಳು ಬಂದವೆನ್ನಿ. “ನಾಲ್ಕು ಸಲ ಹಿಡಿದೆ” ಎಂದು ಆಟಗಾರನು ಹಿಗ್ಗುವನು. ಆದರೆ ಕಿವಿ ಮುಟ್ಟಿದ 11 ಸಲಗಳಲ್ಲಿ ಹುಸಿ 100ಕ್ಕೆ 36. ಮುಟ್ಟದ 8 ಸಲಗಳಲ್ಲಿ 100ಕ್ಕೆ 37.5. ಕಿವಿ ಏನನ್ನೂ ಹೇಳಲಿಲ್ಲ. ಅದು ತುರಿಸುತ್ತಿತ್ತು, ಅಷ್ಟೇ.

ನಾಲ್ಕನೆಯದು ಎಲ್ಲಕ್ಕಿಂತ ಗಹನವಾದುದು. ತನ್ನನ್ನು ಯಾರೋ ಅಳೆಯುತ್ತಿರುವರೆಂದು ತಿಳಿದು ಲೋಲಕವು ತನ್ನ ಅವಧಿಯನ್ನು ಬದಲಿಸಿಕೊಳ್ಳುವುದಿಲ್ಲ, ಮನುಷ್ಯನು ಬದಲಿಸಿಕೊಳ್ಳುವನು. ಮೂರು ಆಟ ಸತತವಾಗಿ ಸೋತ ರಾಮನು ನಾಲ್ಕನೆಯದರಲ್ಲಿ ಭೀಮನಾಗುವನು. ಇನ್ನು ಚತುರನು ಬೇಕೆಂದೇ ಮೂರು ಸಲ ಕಿವಿ ಮುಟ್ಟಿ ಸಣ್ಣ ಪಣವನ್ನು ಸೋತು, ನಾಲ್ಕನೆಯ ಸಲ ಕಿವಿ ಮುಟ್ಟಿ ದೊಡ್ಡ ಪಣವನ್ನು ಗೆಲ್ಲುವನು.

ನಮ್ಮ ಹಿಂದಿನವರಿಗೆ ಈ ವಿಷಯ ತಿಳಿಯದ್ದಲ್ಲ. ಮಹಾಭಾರತದ ವನಪರ್ವದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜನು ದಾರಿಯ ತಾರೆಮರವೊಂದನ್ನು ನೋಡಿ ಅದರ ಎಲೆ ಕಾಯಿಗಳ ಲೆಕ್ಕವನ್ನು ಹೇಳಿಬಿಡುವನು. ನಳನಾದರೋ ಆ ಮಾತನ್ನು ಹಾಗೆಯೇ ನಂಬಲಿಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಎಣಿಸಿ ನೋಡಿದನು. ಲೆಕ್ಕ ಸರಿಯಾದ ಮೇಲೆಯೇ ಅಕ್ಷಹೃದಯವನ್ನು ಕಲಿತನು. ನಳನ ಕಥೆಯನ್ನು ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರೆಲ್ಲರೂ ಬಲ್ಲರು. ಪಗಡೆಯ ವಿದ್ಯೆಗೂ ಎಣಿಕೆಗೂ ನಂಟು ಕಟ್ಟಿದ ಆ ಕವಿದೃಷ್ಟಿ ಮೆಚ್ಚತಕ್ಕದ್ದು. ಎಣಿಸದೆ ನಂಬದ ನಳನ ಬುದ್ಧಿ ಅದಕ್ಕಿಂತಲೂ ಮೆಚ್ಚತಕ್ಕದ್ದು.

ಓದಲಾಗದ ಎದುರಾಳಿ

ಇಷ್ಟೆಲ್ಲ ತೊಡಕುಗಳನ್ನು ದಾಟಿ ಎದುರಾಳಿಯ ಸಂಖ್ಯೆಯನ್ನು ಕರಾರುವಾಕ್ಕಾಗಿ ತಿಳಿದೆವೆನ್ನಿ. ಆಗಲೂ ಗೆಲುವು ಖಂಡಿತವಲ್ಲವೆಂಬುದನ್ನು ಗಣಿತ ತೋರಿಸಿಕೊಟ್ಟಿದೆ. ಫ್ರಾನ್ಸಿನ ಎಮಿಲ್ ಬೋರೆಲ್ 1921ರಿಂದ ಇಂಥ ಆಟಗಳ ಗಣಿತವನ್ನು ಕುರಿತು ಬರೆದನು. ಹಂಗೆರಿಯಲ್ಲಿ ಹುಟ್ಟಿದ ಜಾನ್ ಫಾನ್ ನಾಯ್ಮನ್ 1928ರಲ್ಲಿ ಇದರ ಮೂಲಪ್ರಮೇಯವನ್ನು ಸಾಧಿಸಿದನು. 1944ರಲ್ಲಿ ಅವನೂ ಆಸ್ಕರ್ ಮಾರ್ಗೆನ್‌ಸ್ಟರ್ನನೂ ಕೂಡಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಪೋಕರಿಗೂ ಹುಸಿ ಪಣಕ್ಕೂ ವಿಸ್ತಾರವಾದ ವಿವೇಚನೆಯಿದೆ.

ಅದರ ಸಾರ ನಮ್ಮ ಉದಾಹರಣೆಯಲ್ಲೇ ಅಡಗಿದೆ. ಎದುರಾಳಿಯ ನಾಲ್ಕು ಏರಿಕೆಗಳಲ್ಲಿ ಮೂರು ದಿಟ, ಒಂದು ಹುಸಿ ಎಂದಾದರೆ, ನಾಲ್ಕು ಸಲವೂ ತೋರಿಸೆಂದವನಿಗೆ ಒಮ್ಮೆ 150 ಬಂದು, ಮೂರು ಸಲ 50ರಂತೆ 150 ಹೋಗುವುದು. ಲಾಭವೂ ಇಲ್ಲ, ನಷ್ಟವೂ ಇಲ್ಲ. ತೋರಿಸೆಂದರೂ ಒಂದೇ, ಬಿಟ್ಟರೂ ಒಂದೇ. ಯಾವ ಪಣ ಹುಸಿಯೆಂಬುದನ್ನು ಆಕಸ್ಮಿಕಕ್ಕೆ ಬಿಟ್ಟು ಈ ಪ್ರಮಾಣವನ್ನು ಕಾಪಾಡುವವನು ತನ್ನ ಗುಟ್ಟನ್ನು ಗೋಡೆಯ ಮೇಲೆ ಬರೆದಿಟ್ಟರೂ ಎದುರಿನವನಿಗೆ ಅದರಿಂದ ಪ್ರಯೋಜನವಾಗದು. ನಮ್ಮ ರಾಮನು ಶಾಸ್ತ್ರವನ್ನೋದದೆಯೇ ಈ ಸಮತೋಲಕ್ಕೆ ಬಲು ಹತ್ತಿರದಲ್ಲಿದ್ದನೆಂಬುದು ಗಮನಾರ್ಹ.

ಈ ತತ್ತ್ವಕ್ಕೆ ದೊಡ್ಡ ಪರೀಕ್ಷೆಯೂ ನಡೆದಿದೆ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ರಚಿಸಿದ ಲಿಬ್ರೇಟಸ್ ಎಂಬ ಗಣಕಕಾರ್ಯಕ್ರಮವು ನಾಲ್ವರು ವೃತ್ತಿನಿರತ ಆಟಗಾರರೊಡನೆ 20 ದಿನ, 1,20,000 ಆಟಗಳನ್ನು ಆಡಿ ಗೆದ್ದಿತು. ಅದು ಎದುರಾಳಿಗಳ ಮುಖವನ್ನು ನೋಡಲಿಲ್ಲ. ಅವರ ದೌರ್ಬಲ್ಯಗಳ ಬೆನ್ನು ಹತ್ತಿ ಆಡುವುದೂ ಅದರ ಮುಖ್ಯ ಮಾರ್ಗವಾಗಿರಲಿಲ್ಲ. ತನ್ನ ಆಟದ ಸಮತೋಲವನ್ನು ಕಾಪಾಡಿಕೊಂಡು, ಹಗಲು ಎದುರಾಳಿಗಳು ತನ್ನಲ್ಲಿ ಕಂಡುಹಿಡಿದ ಸಂದುಗಳನ್ನು ಇರುಳು ಲೆಕ್ಕಮಾಡಿ ಮುಚ್ಚಿಕೊಳ್ಳುತ್ತಿತ್ತು. ಪರರನ್ನು ಓದುವುದಕ್ಕಿಂತ ತನ್ನನ್ನು ತಾನು ತಿದ್ದಿಕೊಳ್ಳುವುದೇ ಅಲ್ಲಿ ಹೆಚ್ಚು ಫಲಕಾರಿಯಾಯಿತು.

ಸೋರುವ ಹಗೇವು

ಇನ್ನೊಂದು ಲೆಕ್ಕ ಉಳಿದಿದೆ. ಆಟಕ್ಕೆ ಜಾಗ ಕೊಟ್ಟು ನಡೆಸುವವನು ಪ್ರತಿ ಆಟದಿಂದಲೂ ಒಂದು ಪಾಲನ್ನು ಎತ್ತಿಕೊಳ್ಳುವ ಪದ್ಧತಿಯುಂಟು. ನಾಲ್ವರು ಸಮಬಲರು ತಲೆಗೆ 1,000 ಬೀಜಗಳೊಡನೆ ಕುಳಿತಿದ್ದಾರೆ. ಪ್ರತಿ ಆಟದಲ್ಲಿ 5 ಬೀಜ ಹೊರಗೆ ಹೋಗುವುದೆನ್ನಿ. 800 ಆಟಗಳಾಗುವಷ್ಟರಲ್ಲಿ 4,000 ಬೀಜಗಳೂ ಖಾಲಿ. ಆಟಕ್ಕೆ ಎರಡು ನಿಮಿಷದಂತೆ, ಇರುಳಿಗೆ ಒಂಬತ್ತು ಗಂಟೆ ಕುಳಿತರೆ ಇದಕ್ಕೆ ಹಬ್ಬದ ಮೂರು ಇರುಳು ಸಾಕು. ಹಗೇವಿನಲ್ಲಿ ಜೋಳ ತುಂಬಿಟ್ಟು ತಳದಲ್ಲಿ ಬಿಲ ಬಿಟ್ಟಂತೆ. ಯಾವ ಮೂಲೆಯ ಕಾಳು ಯಾರದೆಂದು ಮೇಲೆ ನಿಂತು ಜಗಳವಾಡುವವರಿಗೆ ಬಿಲ ಕಾಣದು. ಎದುರಾಳಿಯನ್ನು ಕೊಂಚ ಬಲ್ಲವನ ಲಾಭ ಸಲಕ್ಕೆ ಎರಡು ಮೂರು ಬೀಜವಾದರೆ ಅದನ್ನೂ ಈ ಬಿಲ ನುಂಗುವುದು. 72 ಸಲ ಎಲೆ ಕಂಡು ಎದುರಾಳಿಯನ್ನು ಅರಿಯುವುದರೊಳಗೆ ಎಷ್ಟು ಸೋರಿತೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಕಾನೂನು ತನ್ನದೇ ದಾರಿಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದೆ. 1968ರಲ್ಲಿ ವರದಿಯಾದ ಆಂಧ್ರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದೂ, ಮೂರೆಲೆ ಆಟವನ್ನು ಬರಿಯ ಅದೃಷ್ಟದ ಆಟವೆಂದೂ ಬೇರ್ಪಡಿಸಿತು. 1963ರ ಕರ್ನಾಟಕ ಪೊಲೀಸ್ ಕಾಯಿದೆಯು ಜೂಜಿನ ಮನೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವೆನ್ನುವುದು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಮೊಬೈಲ್ ಮತ್ತು ಅಂತರಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು, ಕೌಶಲ–ಅದೃಷ್ಟಗಳ ಭೇದವನ್ನೆಣಿಸದೆ, ನಿಷೇಧಿಸಿತು. ಮೂರೆಲೆಯಲ್ಲಿ ಕೌಶಲಕ್ಕೆ ಎಡೆಯೇ ಇಲ್ಲವೆಂದು ಗಣಿತ ಹೇಳದು. ಆದರೆ ಒಂದು ಹಬ್ಬದ ಇರುಳುಗಳಲ್ಲಿ ಆ ಕೌಶಲವು ಅದೃಷ್ಟದ ಏರಿಳಿತದೊಳಗೆ ಮುಳುಗಿಹೋಗುವುದೆಂದು ಅದು ಸ್ಪಷ್ಟವಾಗಿ ಹೇಳುವುದು.

ಇಷ್ಟನ್ನೂ ಆ ಹುಡುಗನಿಗೆ ಒಂದು ಸಂಜೆ ಕರಿಹಲಗೆಯ ಮೇಲೆ ಬರೆದು ತೋರಿಸಿದೆವು. ನಾಲ್ಕು ಮನೆಗಳ ಕೋಷ್ಟಕವನ್ನು ಅವನು ನೋಟುಪುಸ್ತಕಕ್ಕೆ ಇಳಿಸಿಕೊಂಡನು. ಸಂಕ್ರಾಂತಿಗೆ ಊರಿಗೆ ಹೋದಾಗ ತಂದೆಯನ್ನೂ ಪಕ್ಕದ ಮನೆಯವರನ್ನೂ ಹುಣಸೆಬೀಜ ಕೊಟ್ಟು ಕೂರಿಸಿ, ತಾನು ಬದಿಯಲ್ಲಿ ಕುಳಿತು ಗೀಟು ಹಾಕಿದನಂತೆ. ಆಟ ಮುಗಿದ ಮೇಲೆ ತಂದೆ ನೆನಪಿನಿಂದ ಹೇಳಿದ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಕಿವಿ ಮುಟ್ಟಿಯೂ ದಿಟವಾಗಿದ್ದ ಆಟಗಳಲ್ಲಿ ಒಂದೂ ಅವರ ನೆನಪಿನಲ್ಲಿರಲಿಲ್ಲ. “ಅಪ್ಪ ಏನೆಂದರು?” ಎಂದು ಕೇಳಿದೆವು. “ಏನೂ ಅನಲಿಲ್ಲ ಸಾರ್. ಪುಸ್ತಕ ಇಸಕೊಂಡು ಬಾಳ ಹೊತ್ತು ನೋಡಿದರು,” ಎಂದನು. ಶುಲ್ಕದ ಹಣ ಆ ವರ್ಷ ಎರಡು ಕುರಿ ಮಾರಿ ಬಂದಿತು. ಮುಂದಿನ ದೀಪಾವಳಿಯ ಲೆಕ್ಕ ಇನ್ನು ಆ ಮನೆಯವರದು.

ವಾಚಕರಿಗೆ ಅಭ್ಯಾಸ

1. ರಾಮನು ಒಳ್ಳೆಯ ಕೈಗೆ ಪ್ರತಿಸಲವೂ ಪಣ ಏರಿಸುವನೆಂದೂ ಬಡ ಕೈಗೆ ಹತ್ತಕ್ಕೊಂದು ಸಲ ಏರಿಸುವನೆಂದೂ ಇಟ್ಟುಕೊಂಡು ಹುಸಿಯ ಪಾಲನ್ನು ಕಂಡುಹಿಡಿಯಿರಿ. ಎಕ್ಕ–ರಾಜ–ಗುಲಾಮ ಹಿಡಿದವನು ಈಗ ತೋರಿಸೆನ್ನಬೇಕೇ?

2. ನಡುವೆ 100 ಬೀಜಗಳಿರುವಾಗ ಎದುರಾಳಿ 50ರ ಬದಲು 100 ಏರಿಸಿದರೆ, ಲಾಭನಷ್ಟಗಳ ಗಡಿ ಎಷ್ಟಕ್ಕೆ ಸರಿಯುವುದು?

ಉತ್ತರ: 1. 130ರಲ್ಲಿ 30, ಎಂದರೆ 100ಕ್ಕೆ 23. ಇದು ಗಡಿಗಿಂತ ಕಡಿಮೆಯಾದುದರಿಂದ ಬಿಡುವುದು ಲೇಸು. 2. ಮೂರರಲ್ಲಿ ಒಂದಕ್ಕೆ.